ಬಡ್ಡಿ, ಸಬ್ಬತ್, ಉಪವಾಸ: ಬೈಬಲ್‌ನ ಹಳೆಯ ಕಟ್ಟಳೆಗಳನ್ನು ಇಂದು ಓದುವ ಬಗೆ

ನೀವು ಕೇಳಿದ್ದು ಇದು: ಬಡ್ಡಿ ತೆಗೆದುಕೊಳ್ಳಬೇಡ, ಸಬ್ಬತ್ ದಿನ (ವಾರದ ವಿಶ್ರಾಂತಿ ದಿನ, ಕ್ರೈಸ್ತರಲ್ಲಿ ಹೆಚ್ಚಿನವರಿಗೆ ಭಾನುವಾರ) ದುಡಿಯಬೇಡ ಎಂದು ಬೈಬಲ್ ಹೇಳುತ್ತದೆ. ಆದರೆ ಕ್ರೈಸ್ತರೂ ಬ್ಯಾಂಕಿನಲ್ಲಿ ಠೇವಣಿ ಇಡುತ್ತಾರೆ, ಭಾನುವಾರ ಡ್ಯೂಟಿಗೂ ಹೋಗುತ್ತಾರೆ. ಹಾಗಾದರೆ ಯಾವುದನ್ನು ಪಾಲಿಸಬೇಕು, ಯಾವುದನ್ನು ಬಿಡಬಹುದು?

ಪಾಲಿಸುವುದೋ ಬಿಡುವುದೋ ಎಂಬಲ್ಲಿಂದ ಶುರುಮಾಡಿದರೆ ಜಗಳ ಮುಗಿಯುವುದೇ ಇಲ್ಲ. ಆ ಕಟ್ಟಳೆ ಯಾರನ್ನು ಕಾಯಲು ಬಂತು, ಅಂಥವರು ಇಂದು ಯಾರು ಎಂದು ಕೇಳಿಕೊಳ್ಳಿ. ಅದಕ್ಕೂ ಮೊದಲು ಒಂದು ವಿಂಗಡಣೆ ಬೇಕು. ಕ್ರಿ.ಶ. 325ರಲ್ಲಿ ನಿಸಿಯ ಎಂಬ ಊರಿನ ಧರ್ಮಾಧ್ಯಕ್ಷರ ಸಭೆಯಲ್ಲಿ ರೂಪುಗೊಂಡು 381ರಲ್ಲಿ ವಿಸ್ತಾರಗೊಂಡ ವಿಶ್ವಾಸ ಪ್ರಮಾಣವನ್ನು, ಅಂದರೆ ಕ್ರೈಸ್ತರು ಏನು ನಂಬುತ್ತಾರೆ ಎಂಬ ಸಾರವನ್ನು, ತೆರೆದು ನೋಡಿ. ಅದರಲ್ಲಿ ಬಡ್ಡಿ, ಊಟ, ಉಡುಪಿನ ಬಗ್ಗೆ ಒಂದು ಮಾತೂ ಇಲ್ಲ. ಅಲ್ಲಿರುವುದು ನಂಬಿಕೆಯ ತಿರುಳು. ಚರ್ಚ್‌ನ ಶಿಸ್ತಿನ ನಿಯಮಗಳ ಪಾಡು ಬೇರೆ, ಅವು ಬದಲಾಗುತ್ತವೆ. ಕಥೋಲಿಕರು ಪರಮಪ್ರಸಾದ (ಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿ) ಸ್ವೀಕರಿಸಬೇಕಾದರೆ ಹಿಂದೆ ನಡುರಾತ್ರಿಯಿಂದಲೇ ಏನೂ ತಿನ್ನುವಂತಿರಲಿಲ್ಲ. 1957ರಲ್ಲಿ ಅದು ಮೂರು ಗಂಟೆಗೆ ಇಳಿಯಿತು, 1964ರಲ್ಲಿ ಒಂದು ಗಂಟೆಗೆ. ಇವೆರಡರ ನಡುವೆ ನಿಲ್ಲುವ ನೈತಿಕ ಆಜ್ಞೆಗಳೇ ನಿಜಕ್ಕೂ ತಲೆಕೆಡಿಸುವಂಥವು.

ಬಡ್ಡಿಯನ್ನೇ ತೆಗೆದುಕೊಳ್ಳಿ. ವಿಮೋಚನಕಾಂಡ 22:25 ಬಡ್ಡಿ ಬೇಡವೆನ್ನುವುದು ‘ಬಡವನಿಗೆ’ ಕೊಟ್ಟ ಸಾಲದ ಮಾತಿನಲ್ಲಿ. ಅಲ್ಲಿಗೇ ನಿಲ್ಲಿಸದೆ ಮುಂದಿನ ಎರಡು ವಚನ ಓದಿ: ಅವನ ಹೊದಿಕೆಯನ್ನು ಒತ್ತೆ ಇಟ್ಟುಕೊಂಡಿದ್ದರೆ ಹೊತ್ತು ಮುಳುಗುವುದರೊಳಗೆ ಹಿಂದಿರುಗಿಸು, ಅವನಿಗೆ ಹೊದೆಯಲು ಇರುವುದು ಅದೊಂದೇ. ಧರ್ಮೋಪದೇಶಕಾಂಡ 24:6ರಲ್ಲಿ ಬೀಸುವ ಕಲ್ಲನ್ನು ಒತ್ತೆಯಾಗಿ ತೆಗೆದುಕೊಳ್ಳಬೇಡ ಎಂದಿದೆ; ಅದು ಹೋದರೆ ಮನೆಯಲ್ಲಿ ಹಿಟ್ಟಿಲ್ಲ. ಅಂದರೆ ಇಲ್ಲಿರುವುದು ಹೊಟ್ಟೆಗಿಲ್ಲದೆ ಕೈಚಾಚಿದವನ ಚಿತ್ರ, ಅಂಗಡಿ ದೊಡ್ಡದು ಮಾಡಲು ಬಂಡವಾಳ ಕೇಳಿದವನದ್ದಲ್ಲ. ಅದೇ ಪುಸ್ತಕದ 23:20 ಪರದೇಶಿಯಿಂದ ಬಡ್ಡಿ ಪಡೆಯಲು ಅವಕಾಶ ಕೊಡುತ್ತದೆ. ಎಲ್ಲ ಸಾಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಉದ್ದೇಶ ಮೂಲದಲ್ಲೇ ಇರಲಿಲ್ಲ.

ಚರ್ಚ್‌ಗೂ ಇದು ಒಂದೇ ದಿನದಲ್ಲಿ ಸ್ಪಷ್ಟವಾಗಲಿಲ್ಲ. ನಿಸಿಯ ಸಭೆ ಪಾದ್ರಿಗಳು ಬಡ್ಡಿ ವ್ಯವಹಾರ ಮಾಡುವುದನ್ನು ನಿಷೇಧಿಸಿತು. 1179ರಲ್ಲಿ ರೋಮ್‌ನಲ್ಲಿ ಸೇರಿದ ಮೂರನೇ ಲ್ಯಾಟರನ್ ಸಭೆ ಬಹಿರಂಗವಾಗಿ ಬಡ್ಡಿ ವ್ಯಾಪಾರ ನಡೆಸುವವರನ್ನು ಪರಮಪ್ರಸಾದದಿಂದ ದೂರವಿಟ್ಟಿತು. ಆದರೆ ಕಟ್ಟುನಿಟ್ಟಾದ ನಿಷೇಧದಿಂದ ಬಡವನ ಸಾಲದ ಅಗತ್ಯವೇನೂ ನಿಲ್ಲಲಿಲ್ಲ. ಅದಕ್ಕೇ 15ನೇ ಶತಮಾನದ ಇಟಲಿಯಲ್ಲಿ ಸಂತ ಫ್ರಾನ್ಸಿಸರ ಪಂಥದ ಸನ್ಯಾಸಿಗಳಾದ ಫ್ರಾನ್ಸಿಸ್ಕನ್ನರು ಬಡವರಿಗಾಗಿ ಅಡವು ಸಾಲದ ನಿಧಿಗಳನ್ನು ಕಟ್ಟಿದರು. ಆಡಳಿತದ ಖರ್ಚಿಗಾಗುವಷ್ಟು ಅಲ್ಪ ಮೊತ್ತ ಪಡೆಯುವುದು ಬಡ್ಡಿಯ ಪಾಪವಲ್ಲ ಎಂದು 1515ರಲ್ಲಿ ಐದನೇ ಲ್ಯಾಟರನ್ ಸಭೆ ಒಪ್ಪಿತು. ಪ್ರೊಟೆಸ್ಟೆಂಟರಲ್ಲಿ 16ನೇ ಶತಮಾನದ ಸುಧಾರಕ ಕ್ಯಾಲ್ವಿನ್ ವ್ಯಾಪಾರದ ಸಾಲಕ್ಕೆ ಮಿತವಾದ ಬಡ್ಡಿ ಒಪ್ಪಿದ, ಬಡವನ ಸಾಲಕ್ಕೆ ಒಪ್ಪಲಿಲ್ಲ. ದಾರಿ ಬೇರೆಯಾದರೂ ಬಡವನ ಕತ್ತು ಹಿಸುಕಬಾರದು ಎಂಬುದನ್ನು ಕಥೋಲಿಕರೂ ಪ್ರೊಟೆಸ್ಟೆಂಟರೂ ಬಿಡಲಿಲ್ಲ.

ಇಂದಿಗೆ ಇದು ಹೀಗೆ ಇಳಿಯುತ್ತದೆ. ಬ್ಯಾಂಕಿನ ಠೇವಣಿಯ ಬಗ್ಗೆ ಪಾಪಪ್ರಜ್ಞೆ ಬೇಡ. ಆಸ್ಪತ್ರೆ ಖರ್ಚಿಗೋ ಬಾಡಿಗೆಗೋ ಯಾರಾದರೂ ನಿಮ್ಮನ್ನು ಸಾಲ ಕೇಳಿದರೆ ಮಾತ್ರ ಬಡ್ಡಿ ಹಾಕಬೇಡಿ. ಆ ಮನುಷ್ಯ ದುಡಿಯುವ ಹೊಲಿಗೆ ಯಂತ್ರ, ಲ್ಯಾಪ್‌ಟಾಪ್, ಗಾಡಿಯನ್ನು ಒತ್ತೆ ಇಟ್ಟುಕೊಳ್ಳಬೇಡಿ. ಇಂದಿನ ಬೀಸುವ ಕಲ್ಲು ಅವೇ. ಲೂಕ 6:35 ವಾಪಸಿನ ನಿರೀಕ್ಷೆಯಿಲ್ಲದೆ ಕೊಡು ಎನ್ನುವುದರಿಂದ, ಬಾರದಿದ್ದರೂ ಮನೆ ನಡೆಯುವಷ್ಟು ಮೊತ್ತವನ್ನಷ್ಟೇ ಕೊಡಿ. ಅಳತೆ ಮೀರಿ ಕೊಟ್ಟು ಆಮೇಲೆ ದಿನಾ ಫೋನ್ ಮಾಡಿ ಪೀಡಿಸುವುದಕ್ಕಿಂತ ಅದು ಮೇಲು.

ಸಬ್ಬತ್‌ಗೆ ಬೈಬಲ್ ಎರಡು ಕಾರಣ ಕೊಡುತ್ತದೆ, ಜನ ಒಂದನ್ನೇ ನೆನಪಿಡುತ್ತಾರೆ. ವಿಮೋಚನಕಾಂಡ 20ರಲ್ಲಿ ದೇವರು ಏಳನೇ ದಿನ ವಿಶ್ರಮಿಸಿದ್ದು ಕಾರಣ. ಧರ್ಮೋಪದೇಶಕಾಂಡ 5ರಲ್ಲಿ ನೀನೂ ಐಗುಪ್ತದಲ್ಲಿ (ಈಜಿಪ್ಟ್) ದಾಸನಾಗಿದ್ದೆ ಎಂಬುದು. ಆದ್ದರಿಂದಲೇ ಆಳು, ಎತ್ತು, ಕತ್ತೆಗೂ ವಿಶ್ರಾಂತಿ ಕೊಡು ಎನ್ನುತ್ತದೆ ಆಜ್ಞೆ. ಬೆಳಿಗ್ಗೆ ಚರ್ಚಿಗೆ ಹೋಗಿ ಬಂದು ಸಂಜೆ ಕೈಕೆಳಗಿನವರಿಗೆ ಕೆಲಸದ ಮೆಸೇಜ್ ಕಳಿಸಿದರೆ ಅರ್ಧ ಆಜ್ಞೆ ಮುರಿದಂತೆಯೇ ಎಂದು ನನ್ನ ಲೆಕ್ಕ. ನರ್ಸ್, ಚಾಲಕ, ಅಗ್ನಿಶಾಮಕದವರ ಪಾಳಿ ತಪ್ಪಲ್ಲ. ತುರ್ತು ಮತ್ತು ಕರುಣೆಯ ಕೆಲಸಕ್ಕೆ ಸಂಪ್ರದಾಯದಲ್ಲಿ ಎಂದೂ ವಿನಾಯಿತಿ ಇದೆ. ಕಥೋಲಿಕರಾಗಿದ್ದರೆ ಶನಿವಾರ ಸಂಜೆಯ ಬಲಿಪೂಜೆಯೂ (ಚರ್ಚಿನ ಮುಖ್ಯ ಆರಾಧನೆ) ಭಾನುವಾರದ ಲೆಕ್ಕಕ್ಕೆ ಸೇರುತ್ತದೆ. ಭಾನುವಾರ ಪಾಳಿ ಇದ್ದರೆ ಇನ್ನೊಂದು ದಿನವನ್ನು ವಿಶ್ರಾಂತಿಗೆ ಗೊತ್ತುಮಾಡಿಕೊಳ್ಳಿ, ‘ಯಾವತ್ತಾದರೂ’ ಎಂದುಕೊಂಡರೆ ಅದು ಬರುವುದಿಲ್ಲ.

ಈ ಬಗೆಯ ಓದು ಎಡವುವುದು ಹೆಚ್ಚಾಗಿ ಸ್ವಾರ್ಥದಲ್ಲಿ. ಮಾರ್ಕ 7ರಲ್ಲಿ ಯೇಸು ಕೊರ್ಬಾನ್ ಎಂಬ ಹರಕೆಯನ್ನು ಖಂಡಿಸುತ್ತಾರೆ: ‘ಇದು ದೇವರಿಗೆ ಮುಡಿಪು’ ಎಂದು ಹೇಳಿ ಹೆತ್ತವರಿಗೆ ಕೊಡಬೇಕಾದದ್ದನ್ನು ತಪ್ಪಿಸಿಕೊಳ್ಳುವ ಜಾಣತನ ಅದು. ನಿಮ್ಮ ವ್ಯಾಖ್ಯಾನ ಪ್ರತಿಸಲವೂ ನಿಮಗೆ ಸಡಿಲ, ಬೇರೆಯವರಿಗೆ ಬಿಗಿ ಎಂದಾಗುತ್ತಿದ್ದರೆ ಎಲ್ಲೋ ಕೊರ್ಬಾನ್ ನುಸುಳಿದೆ. ‘ಕಾಲ ಬದಲಾಗಿದೆ’ ಎಂಬುದೂ ತಾನಾಗಿ ಕಾರಣವಲ್ಲ. ಏನು ಬದಲಾಗಿದೆ ಎಂದು ಹೇಳಲು ಬರಬೇಕು. ಸಾಲದ ಸ್ವರೂಪ ಬದಲಾಗಿದೆ ಎನ್ನಬಹುದು, ಸುಳ್ಳಿನ ಸ್ವರೂಪ ಬದಲಾಗಿಲ್ಲ.

ಉಪವಾಸದ ಬಗ್ಗೆ ಚಿಕ್ಕದಾಗಿ. ಕಥೋಲಿಕ ನಿಯಮ 18 ತುಂಬಿದವರಿಂದ 59ರವರೆಗೆ: ಒಂದು ಪೂರ್ತಿ ಊಟ, ಎರಡು ಕಿರು ಆಹಾರ. ಬೂದಿ ಬುಧವಾರ (ಈಸ್ಟರ್‌ಗೆ ಮುಂಚಿನ ತಪಸ್ಸಿನ ಕಾಲದ ಮೊದಲ ದಿನ), ಶುಭ ಶುಕ್ರವಾರ ಕಡ್ಡಾಯ. ಮಾಂಸ ಬಿಡುವುದು 14 ತುಂಬಿದವರಿಗೆ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು, ಗರ್ಭಿಣಿಯರು ಉಪವಾಸ ಮಾಡಬೇಕಿಲ್ಲ. ಮಾಂಸ ಬಿಟ್ಟು ಅದಕ್ಕಿಂತ ದುಬಾರಿಯ ಮೀನೂಟ ಮಾಡಿದರೆ ನಿಯಮ ಮುರಿಯುವುದಿಲ್ಲ, ಆದರೆ ಹಸಿದವನ ಜೊತೆ ರೊಟ್ಟಿ ಹಂಚಿಕೋ ಎನ್ನುವ ಯೆಶಾಯ 58ಕ್ಕೆ ಅಲ್ಲಿ ಜಾಗವಿಲ್ಲ. ಬಿಟ್ಟ ಊಟದ ಹಣವನ್ನು ಅವತ್ತೇ ಬೇರೆ ಎತ್ತಿಡಿ, ತಿಂಗಳ ಕೊನೆಗೆ ಲೆಕ್ಕ ಹಾಕುತ್ತೇನೆಂದರೆ ಖರ್ಚಾಗಿ ಹೋಗಿರುತ್ತದೆ.