ಬೇರೆ ಕಾಲೇಜಿನಿಂದ ಬಂದ ವೈಡ್ ರಿಸೀವರ್‌ಗಳಲ್ಲಿ ಯಾರು ನಿಜಕ್ಕೂ ಕೈಹಿಡಿಯುತ್ತಾರೆ ಎಂದು ಮೊದಲೇ ತಿಳಿಯುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಓದಲು ಆಸ್ಟಿನ್‌ಗೆ ಬಂದಿದ್ದೀರಿ, ಅಲ್ಲಿನ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡ ಟೆಕ್ಸಸ್ ಲಾಂಗ್‌ಹಾರ್ನ್ಸ್ ಆಟದ ಹುಚ್ಚು ಹಿಡಿದಿದೆ, ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಿಸಬಯಸುವ ಆಟಗಾರರು ಹೆಸರು ಕೊಡುವ ಪಟ್ಟಿ) ಮೂಲಕ ಬರುವ ರಿಸೀವರ್‌ಗಳ, ಅಂದರೆ ಎಸೆದ ಚೆಂಡನ್ನು ಓಡಿ ಹಿಡಿಯುವವರ ಬಗ್ಗೆ ಅಭಿಮಾನಿಗಳು ತಲೆಗೊಂದು ಮಾತಾಡುತ್ತಾರೆ, ಹೋದ ವರ್ಷದ ಕ್ಯಾಚ್ ಮತ್ತು ಯಾರ್ಡ್ (ಚೆಂಡು ಹಿಡಿದು ಮುಂದೊಯ್ದ ದೂರ) ನೋಡಿ ತೀರ್ಮಾನಿಸಿದರೆ ಸಾಲದೇ? ಸಾಲದು. ಆ ಲೆಕ್ಕ ಭಿನ್ನರಾಶಿಯ ಅಂಶ ಮಾತ್ರ. ಛೇದವನ್ನು ನೀವೇ ಹುಡುಕಬೇಕು. ಎಷ್ಟು ಪಂದ್ಯ ಆಡಿದ, ಎಷ್ಟು ಸಲ ಓಡಿದ, ಚೆಂಡು ಎಸೆದವನು ಯಾರು, ಪಕ್ಕದಲ್ಲಿ ಯಾರಿದ್ದರು ಎಂಬುದೆಲ್ಲ ಛೇದದಲ್ಲಿ ಬರುತ್ತದೆ.

ನಿಮ್ಮ ತಂಡದ 2024ರ ಸಂಗತಿಯನ್ನೇ ತೆಗೆದುಕೊಳ್ಳಿ. ಆ ವರ್ಷ ಮೂವರು ರಿಸೀವರ್‌ಗಳು ಬಂದರು. ಅಲಬಾಮಾದಿಂದ ಐಸಾಯಾ ಬಾಂಡ್, ಹಿಂದಿನ ವರ್ಷ 48 ಕ್ಯಾಚ್, 668 ಯಾರ್ಡ್, 4 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದು). ಹ್ಯೂಸ್ಟನ್‌ನಿಂದ ಮ್ಯಾಥ್ಯೂ ಗೋಲ್ಡನ್, 38 ಕ್ಯಾಚ್, 404 ಯಾರ್ಡ್, 6 ಟಚ್‌ಡೌನ್. ಒರೆಗಾನ್ ಸ್ಟೇಟ್‌ನಿಂದ ಸೈಲಸ್ ಬೋಲ್ಡನ್, 54 ಕ್ಯಾಚ್, 746 ಯಾರ್ಡ್, 5 ಟಚ್‌ಡೌನ್. ಕಾಗದದ ಮೇಲೆ ಗೋಲ್ಡನ್ ಕೊನೆಯವರು. ಹಿಂದಿನ ವರ್ಷ ಅಲಬಾಮಾ ಪರವಾಗಿ ಆಬರ್ನ್ ವಿರುದ್ಧ ನಾಲ್ಕನೇ ಡೌನ್‌ನಲ್ಲಿ (ಚೆಂಡನ್ನು ಮುಂದೊಯ್ಯಲು ತಂಡಕ್ಕೆ ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಕೊನೆಯದು) 31 ಯಾರ್ಡ್ ದೂರದಿಂದ ಬಂದ ಚೆಂಡನ್ನು ಹಿಡಿದು ಪಂದ್ಯ ಗೆಲ್ಲಿಸಿದ ಬಾಂಡ್ ಎಲ್ಲರ ಬಾಯಲ್ಲೂ ಮೊದಲು. ಋತು ಮುಗಿದಾಗ ಗೋಲ್ಡನ್ 58 ಕ್ಯಾಚ್, 987 ಯಾರ್ಡ್, 9 ಟಚ್‌ಡೌನ್; ಬಾಂಡ್ 34, 540, 5. ಗೋಲ್ಡನ್ ವೃತ್ತಿಪರ ತಂಡಗಳು ಆಟಗಾರರನ್ನು ಆರಿಸಿಕೊಳ್ಳುವ 2025ರ ಡ್ರಾಫ್ಟ್‌ನಲ್ಲಿ 23ನೆಯವರಾಗಿ ಗ್ರೀನ್ ಬೇ ಪಾಲಾದರು. ಋತುವಿನ ಕೊನೆಗೆ ಪಾದದ ಗಂಟಿನ ಗಾಯ ಬಾಂಡ್‌ರನ್ನು ಕಾಡಿತು ಎಂಬುದೂ ನಿಜ. ಆದರೂ ಅಂತರ ಅಷ್ಟರಿಂದಲೇ ಬಂದದ್ದಲ್ಲ.

ಸುಳಿವು ಮೊದಲೇ ಇತ್ತು, ಒಂದು ವರ್ಷ ಹಿಂದೆ. 2022ರಲ್ಲಿ ಹ್ಯೂಸ್ಟನ್‌ನಲ್ಲಿ ಮೊದಲ ವರ್ಷದ ಹುಡುಗನಾಗಿದ್ದ ಗೋಲ್ಡನ್ 38 ಕ್ಯಾಚ್‌ಗೇ 584 ಯಾರ್ಡ್, 7 ಟಚ್‌ಡೌನ್ ಗಳಿಸಿದ್ದರು, ಅಂದರೆ ಕ್ಯಾಚ್‌ಗೆ 15.4 ಯಾರ್ಡ್. ಅದೂ ಟ್ಯಾಂಕ್ ಡೆಲ್ ಎಂಬ ಆಟಗಾರ ಒಬ್ಬರೇ 109 ಕ್ಯಾಚ್ ಬಾಚಿಕೊಂಡ ವರ್ಷದಲ್ಲಿ. ಮರುವರ್ಷ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಬದಲಾದರು, ತಂಡ ದೊಡ್ಡ ಲೀಗಾದ ಬಿಗ್ 12ಕ್ಕೆ ಸೇರಿ 4 ಗೆದ್ದು 8 ಸೋತಿತು, ಕ್ಯಾಚ್‌ಗೆ 10.6 ಯಾರ್ಡ್‌ಗೆ ಇಳಿಯಿತು. ಅಷ್ಟು ಬೇಗ ಆಟಗಾರನ ಕೈ ಕೆಡುವುದಿಲ್ಲ, ಸುತ್ತಲಿನದು ಕೆಟ್ಟಿರುತ್ತದೆ. ಹಾಗಾಗಿ ಯಾರೇ ಬರಲಿ, ಕಡೇಪಕ್ಷ ಎರಡು ವರ್ಷದ ಅಂಕಿ ಬರೆದಿಟ್ಟು, ಪ್ರತಿ ವರ್ಷದ ಎದುರು ಕ್ವಾರ್ಟರ್‌ಬ್ಯಾಕ್‌ನ ಹೆಸರು ಬರೆಯಿರಿ.

ಈಗ ಕೆಲಸದ ಕ್ರಮ. ಮೊದಲು ಬಂದವರನ್ನಲ್ಲ, ಹೋದವರನ್ನು ಎಣಿಸಿ. 2023ರ ಟೆಕ್ಸಸ್‌ನಿಂದ ಝೇವಿಯರ್ ವರ್ದಿ (75 ಕ್ಯಾಚ್), ಅಡೋನೈ ಮಿಚೆಲ್ (55), ಜಾರ್ಡನ್ ವಿಟಿಂಗ್ಟನ್ (42), ಟೈಟ್ ಎಂಡ್ (ಎದುರಾಳಿಯನ್ನು ಅಡ್ಡಗಟ್ಟುವ, ಚೆಂಡೂ ಹಿಡಿಯುವ ಆಟಗಾರ) ಜಟೇವಿಯನ್ ಸ್ಯಾಂಡರ್ಸ್ (45) ಒಟ್ಟಿಗೆ ಹೋದರು. ಒಟ್ಟು 217 ಕ್ಯಾಚ್, 3,046 ಯಾರ್ಡ್ ಖಾಲಿ. ಆ ಖಾಲಿಯಲ್ಲಿ ಬಂದವರ ಪಾಲು ಎಷ್ಟು, ಒಳಗಿದ್ದವರ ಪಾಲು ಎಷ್ಟು ಎಂಬುದೇ ನಿಜವಾದ ಪ್ರಶ್ನೆ. ಅಭಿಮಾನಿಗಳು ಎಲ್ಲವನ್ನೂ ಹೊಸಬರಿಗೆ ಹಂಚಿಬಿಡುತ್ತಾರೆ. ಆ ವರ್ಷ ತಂಡದಲ್ಲಿ ಅತಿ ಹೆಚ್ಚು, 60 ಕ್ಯಾಚ್ ಹಿಡಿದವರು ಮೊದಲಿನಿಂದಲೂ ಅಲ್ಲೇ ಇದ್ದ ಟೈಟ್ ಎಂಡ್ ಗನ್ನರ್ ಹೆಲ್ಮ್.

ಎರಡನೆಯದು ನಿಲ್ಲುವ ಜಾಗ. ಕೋಚ್‌ಗಳು ಎಕ್ಸ್ ಎನ್ನುವ ರಿಸೀವರ್ ಹೊರಗಡೆ, ಆಟ ಶುರುವಾಗುವ ಸ್ಕ್ರಿಮೇಜ್ ರೇಖೆಯ ಮೇಲೇ ನಿಲ್ಲುತ್ತಾನೆ. ರಿಸೀವರ್‌ನನ್ನು ಕಾಯುವ ಎದುರಾಳಿ, ಅಂದರೆ ಕಾರ್ನರ್‌ಬ್ಯಾಕ್, ಎದೆಗೆ ಎದೆ ಕೊಟ್ಟು ಅವನನ್ನು ಅಲ್ಲೇ ತಡೆಯಬಹುದು. ಝಡ್ ಒಂದು ಹೆಜ್ಜೆ ಹಿಂದೆ, ಆಗಾಗ ಆಚೀಚೆ ಓಡಾಡುತ್ತ ಇರುವುದರಿಂದ ಅವನನ್ನು ತಡೆಯುವುದು ಕಷ್ಟ. ಸ್ಲಾಟ್ ಒಳಗಡೆಯವನು; ಎರಡೂ ಕಡೆ ಓಡಲು ಜಾಗ. ಸ್ಲಾಟ್‌ನಲ್ಲಿ 70 ಕ್ಯಾಚ್ ಹಿಡಿದವನನ್ನು ತಂದು ಎಕ್ಸ್ ಜಾಗಕ್ಕೆ ನಿಲ್ಲಿಸಿದಾಗಲೇ ಹೆಚ್ಚಿನ ಲೆಕ್ಕಾಚಾರ ತಲೆಕೆಳಗಾಗುವುದು. ತಡೆ ದಾಟಿ ಬರುವಷ್ಟರಲ್ಲಿ ಕ್ವಾರ್ಟರ್‌ಬ್ಯಾಕ್‌ನ ಸಮಯ ಮುಗಿದು, ಚೆಂಡು ಬೇರೆಯವನಿಗೆ ಹೋಗಿರುತ್ತದೆ. ಅದು ಅಂಕಿಯಲ್ಲಿ ತಪ್ಪಾಗಿ ಕಾಣುವುದೇ ಇಲ್ಲ, ಬರೀ ಮೌನವಾಗಿ ಕಾಣುತ್ತದೆ.

ಮೂರನೆಯದು ಛೇದದ ಲೆಕ್ಕ. ಪಾಸ್ ಆಟದಲ್ಲಿ ಎಷ್ಟು ಸಲ ರೂಟ್ (ಚೆಂಡು ಹಿಡಿಯಲು ಮೊದಲೇ ಗೊತ್ತುಮಾಡಿದ ಓಟದ ದಾರಿ) ಓಡಿದ ಎಂಬುದರಿಂದ ಯಾರ್ಡ್ ಭಾಗಿಸಿ. ಇಬ್ಬರೂ 600 ಯಾರ್ಡ್ ಗಳಿಸಿದ್ದಾರೆ ಅನ್ನಿ. ಒಬ್ಬ 400 ಸಲ ಓಡಿ ಗಳಿಸಿದ್ದರೆ 1.5, ಇನ್ನೊಬ್ಬ 240 ಸಲ ಓಡಿ ಗಳಿಸಿದ್ದರೆ 2.5. ಕ್ರಿಕೆಟ್‌ನಲ್ಲಿ ಒಟ್ಟು ರನ್ ಬಿಟ್ಟು ಸ್ಟ್ರೈಕ್ ರೇಟ್ ನೋಡಿದ ಹಾಗೆ. 2 ದಾಟಿದರೆ ಒಳ್ಳೆಯದು, 1.2ಕ್ಕಿಂತ ಕೆಳಗಿದ್ದರೆ ಕಾರಣ ಹುಡುಕಬೇಕು, 100 ರೂಟ್‌ಗಿಂತ ಕಡಿಮೆ ಓಡಿದವನ ಅಂಕಿಯನ್ನು ನಂಬಬಾರದು. ರೂಟ್ ಎಣಿಕೆ ಕೈಗೆ ಸಿಗದಿದ್ದರೆ ಅವನು ಆಡಿದ ಪಂದ್ಯಗಳಲ್ಲಿ ತಂಡ ಎಸೆದ ಒಟ್ಟು ಪಾಸ್‌ಗಳಿಂದ ಭಾಗಿಸಿ. ಒರಟು ಲೆಕ್ಕ, ಆದರೆ ಹೋಲಿಕೆಗೆ ಸಾಕು. ಗಾಯದಿಂದ ಹೊರಗಿದ್ದ ಪಂದ್ಯಗಳನ್ನು ಬಿಡಲು ಮರೆಯಬೇಡಿ. ಕೆಳದರ್ಜೆಯ ಎದುರಾಳಿಯ ಮೇಲೆ ಬಂದ ಯಾರ್ಡ್ ಕಳೆದು ಇನ್ನೊಮ್ಮೆ ನೋಡಿ. ಸ್ಕ್ರೀನ್ ಪಾಸ್‌ಗಳನ್ನೂ ಬೇರೆ ಇಡಿ. ರೇಖೆಯ ಹಿಂದೆಯೇ ಸಿಗುವ ಆ ಚೆಂಡು ಕ್ಯಾಚ್ ಸಂಖ್ಯೆ ಹಿಗ್ಗಿಸುತ್ತದೆ, ರೂಟ್ ಓಡುವ ಕಲೆ ಬಗ್ಗೆ ಏನೂ ಹೇಳುವುದಿಲ್ಲ. ಕೈಗೆ ಬಂದು ಜಾರಿದ ಚೆಂಡುಗಳನ್ನು, ಹಿಡಿದದ್ದು ಮತ್ತು ಜಾರಿದ್ದರ ಮೊತ್ತದಿಂದ ಭಾಗಿಸಿ. 5 ಪ್ರತಿಶತದೊಳಗೆ ಇದ್ದರೆ ಚಿಂತೆಯಿಲ್ಲ, 10 ದಾಟಿದರೆ ಕ್ವಾರ್ಟರ್‌ಬ್ಯಾಕ್ ಅವನತ್ತ ನೋಡುವುದನ್ನೇ ಬಿಡುತ್ತಾನೆ.

ಪಂದ್ಯದ ವಿಡಿಯೊ ನೋಡುವುದಕ್ಕೆ ಹೆಚ್ಚು ಹೊತ್ತು ಕೊಡಿ, ಆದರೆ ಹೈಲೈಟ್ ತುಣುಕುಗಳನ್ನು ಬಿಟ್ಟುಬಿಡಿ. ಅದರಲ್ಲಿ ಎಲ್ಲರೂ ಶೂರರೇ. ಎದುರಾಳಿಗಳಲ್ಲಿ ಬಲವಾದ ರಕ್ಷಣೆ ಇರುವ ಮೂರು ಪಂದ್ಯ ಆರಿಸಿ ಪೂರ್ತಿ ನೋಡಿ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುವುದರಿಂದ ರಿಸೀವರ್ ಬೇಗ ಕಣ್ಮರೆಯಾಗುತ್ತಾನೆ. ನಿಮಗೆ ಸಿಗುವುದು ಸ್ನ್ಯಾಪ್ ಆದ, ಅಂದರೆ ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರುವಾದ ಮೊದಲ ಎರಡು ಸೆಕೆಂಡ್. ಅಷ್ಟರಲ್ಲಿ ನೋಡಬೇಕಾದ್ದು ಅವನ ಪಾದ: ತಡೆಯಲು ಬಂದವನ ಕೈಯನ್ನು ತಳ್ಳಿ ಮುಂದೆ ಹೋದನೋ, ನಿಂತಲ್ಲೇ ಕುಣಿದನೋ. ಕುಣಿಯುವವನು ಕಾಲ ಕಳೆಯುತ್ತಾನೆ. ಹಿಂದಿನಿಂದ ತೋರಿಸುವ ಮರುಪ್ರಸಾರ ಬಂದಾಗ ಚೆಂಡನ್ನು ಬೊಗಸೆಯಲ್ಲಿ, ಮೈಯಿಂದ ದೂರ ಹಿಡಿಯುತ್ತಾನೋ ಎದೆಗೆ ತಾಗಿಸಿಕೊಳ್ಳುತ್ತಾನೋ ಗಮನಿಸಿ. ಎದೆಗೆ ತಾಗಿಸಿಕೊಳ್ಳುವವನ ಚೆಂಡನ್ನು ಒಳ್ಳೆಯ ಕಾರ್ನರ್‌ಬ್ಯಾಕ್ ತಟ್ಟಿ ಕೆಡವುತ್ತಾನೆ. ಚೆಂಡು ತನಗೆ ಬರದ ಆಟಗಳಲ್ಲಿ, ಓಟದ ಆಟದಲ್ಲಿ ಎದುರಾಳಿಯನ್ನು ಅಡ್ಡಗಟ್ಟುವಾಗ ಎಷ್ಟು ಮನಸ್ಸಿಟ್ಟಿದ್ದಾನೆ ಎಂಬುದು ಮೈದಾನದಲ್ಲಿ ಉಳಿಯುವ ಸಮಯವನ್ನು ನಿರ್ಧರಿಸುತ್ತದೆ. ವಿಟಿಂಗ್ಟನ್ ಟೆಕ್ಸಸ್‌ನಲ್ಲಿ ಅಷ್ಟು ವರ್ಷ ಬೇಕಾದವರಾಗಿ ಉಳಿದದ್ದರಲ್ಲಿ ಈ ಕೆಲಸದ ಪಾಲು ದೊಡ್ಡದು.

ಕಡಿಮೆ ಅಂಕಿ ಎಂದರೆ ಕಡಿಮೆ ಆಟಗಾರ ಅಲ್ಲ ಎನ್ನುವುದಕ್ಕೆ ಜೇಮ್ಸನ್ ವಿಲಿಯಮ್ಸ್‌ಗಿಂತ ಸಾಕ್ಷಿ ಬೇಕಿಲ್ಲ. 2020ರಲ್ಲಿ ಒಹಾಯೊ ಸ್ಟೇಟ್‌ನಲ್ಲಿ 9 ಕ್ಯಾಚ್, 154 ಯಾರ್ಡ್. ಮುಂದೆ ಸಾಲಾಗಿ ಗ್ಯಾರೆಟ್ ವಿಲ್ಸನ್, ಕ್ರಿಸ್ ಒಲಾವೆ ನಿಂತಿದ್ದರು. 2021ರಲ್ಲಿ ಅಲಬಾಮಾಗೆ ಹೋಗಿ 79 ಕ್ಯಾಚ್, 1,572 ಯಾರ್ಡ್, 15 ಟಚ್‌ಡೌನ್. ಜಾರ್ಡನ್ ಅಡಿಸನ್‌ರದ್ದು ತಿರುಗುಮುರುಗು. 2021ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ 100 ಕ್ಯಾಚ್, 1,593 ಯಾರ್ಡ್ ಗಳಿಸಿ ದೇಶದ ಅತ್ಯುತ್ತಮ ರಿಸೀವರ್ ಪ್ರಶಸ್ತಿ ಬಿಲೆಟ್ನಿಕಾಫ್ ಪಡೆದವರು, ಮರುವರ್ಷ ಯುಎಸ್‌ಸಿಯಲ್ಲಿ 59 ಕ್ಯಾಚ್, 875 ಯಾರ್ಡ್‌ಗೆ ಬಂದರು. ಅದನ್ನು ಸೋಲು ಎಂದವರು ತಪ್ಪು ಮಾಡಿದರು. ಅಲ್ಲಿ ಚೆಂಡು ಹಂಚಿಕೊಳ್ಳುವವರು ಹೆಚ್ಚು, ಗಾಯವೂ ಆಯಿತು, ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಆಯ್ಕೆಯೂ ಆಯಿತು. ಸಣ್ಣ ಲೀಗಿನಿಂದ ಬಂದವರ ಬಗ್ಗೆ ಅನುಮಾನ ಸಹಜ, ಆದರೆ ಟ್ರೇ ಹ್ಯಾರಿಸ್ ಲೂಸಿಯಾನಾ ಟೆಕ್‌ನಲ್ಲಿ 935 ಯಾರ್ಡ್ ಗಳಿಸಿ 2023ರಲ್ಲಿ ಓಲ್ ಮಿಸ್‌ಗೆ ಬಂದು 985 ಗಳಿಸಿದರು. ಎರಡು ಋತು ಆಡಿದ ಮೇಲೆ ಹೈಸ್ಕೂಲ್ ಕಾಲದಲ್ಲಿ ಆಟಗಾರನ ಗುಣಮಟ್ಟಕ್ಕೆ ಕೊಟ್ಟ ನಕ್ಷತ್ರಗಳ ಸಂಖ್ಯೆಯನ್ನು ಮರೆತುಬಿಡಿ.

ಇನ್ನೊಂದು, ಕ್ಯಾಲೆಂಡರ್. ಪೋರ್ಟಲ್ ಶುರುವಾದದ್ದು 2018ರ ಅಕ್ಟೋಬರ್‌ನಲ್ಲಿ. 2022ರ ಕೊನೆಯಿಂದ ಚಳಿಗಾಲದಲ್ಲೊಮ್ಮೆ, ವಸಂತದಲ್ಲೊಮ್ಮೆ ಬಾಗಿಲು ತೆರೆಯುತ್ತಿತ್ತು. 2026ರಲ್ಲಿ ಜನವರಿ 2ರಿಂದ 16ರವರೆಗೆ ಒಂದೇ ಸಲ ಎಂದು ಮಾಡಿದರು. ವಸಂತದಲ್ಲಿ 15 ಅಭ್ಯಾಸ ಸಿಗುತ್ತದೆ. ಕ್ವಾರ್ಟರ್‌ಬ್ಯಾಕ್ ಎಸೆಯುವುದು ರಿಸೀವರ್ ತಿರುಗುವ ಮೊದಲೇ, ಆದ್ದರಿಂದ ಇಬ್ಬರ ನಡುವಿನ ಹೆಜ್ಜೆ ಲೆಕ್ಕ ಕೂಡುವುದು ಆ 15ರಲ್ಲೇ. 2024ರಲ್ಲಿ ಬಾಂಡ್, ಗೋಲ್ಡನ್ ಜನವರಿಯಲ್ಲೇ ಬಂದರು, ಬೋಲ್ಡನ್ ವಸಂತದ ಅಭ್ಯಾಸ ಮುಗಿದ ಮೇಲೆ. ಬೋಲ್ಡನ್‌ಗೆ ರಿಸೀವರ್ ಆಗಿ ದೊಡ್ಡ ಪಾಲು ಸಿಗಲಿಲ್ಲ. ಆದರೆ ಅರಿಜೋನಾ ಸ್ಟೇಟ್ ವಿರುದ್ಧದ ಪೀಚ್ ಬೌಲ್ ಎಂಬ ಪ್ಲೇಆಫ್ ಪಂದ್ಯದಲ್ಲಿ ಪಂಟ್ (ಎದುರಾಳಿ ದೂರಕ್ಕೆ ಒದ್ದ ಚೆಂಡು) ಹಿಡಿದು 75 ಯಾರ್ಡ್ ಓಡಿ ಟಚ್‌ಡೌನ್ ಮಾಡಿದರು. ಆಟಗಾರನ ಹಳೆಯ ದಾಖಲೆಯಲ್ಲಿ ಪಂಟ್, ಕಿಕ್ ಮರಳಿಸಿದ ಅಂಕಿಯನ್ನೂ ಹುಡುಕಿ ಎನ್ನುವುದು ಇದಕ್ಕೇ.

ಇಷ್ಟೆಲ್ಲ ಮಾಡಿದರೂ ಕ್ವಾರ್ಟರ್‌ಬ್ಯಾಕ್ ಮತ್ತು ಅವನನ್ನು ಕಾಯುವ ಸಾಲು ಕುಸಿದರೆ ರಿಸೀವರ್ ಏನೂ ಮಾಡಲಾರ. 2023ರಲ್ಲಿ 13 ಗೆದ್ದ ಫ್ಲೋರಿಡಾ ಸ್ಟೇಟ್ 2024ರಲ್ಲಿ 2 ಗೆದ್ದು 10 ಸೋತಿತು. ಅಂಥ ವರ್ಷದ ರಿಸೀವರ್ ಅಂಕಿಯಿಂದ ಯಾರಿಗೂ ತೀರ್ಪು ಕೊಡಬೇಡಿ.

ಋತು ಶುರುವಾದ ಮೇಲೆ ಒಂದೇ ಒಂದು ಪಟ್ಟಿ ಇಡುವುದಾದರೆ ಮೂರನೇ ಡೌನ್‌ಗೆ 6 ಯಾರ್ಡ್ ಅಥವಾ ಹೆಚ್ಚು ಬೇಕಿರುವ ಆಟಗಳನ್ನು ಬರೆದಿಡಿ: ಹೊಸಬ ಮೈದಾನದಲ್ಲಿದ್ದನೇ, ಚೆಂಡು ಅವನತ್ತ ಹೋಯಿತೇ. ಕೋಚ್ ಮತ್ತು ಕ್ವಾರ್ಟರ್‌ಬ್ಯಾಕ್ ಯಾರನ್ನು ನಂಬುತ್ತಾರೆ ಎಂಬುದು ನಾಲ್ಕೈದು ಪಂದ್ಯಗಳಲ್ಲಿ ತಿಳಿಯುತ್ತದೆ. ಅದೇ ಪೀಚ್ ಬೌಲ್‌ನ ಹೆಚ್ಚುವರಿ ಅವಧಿಯಲ್ಲಿ ಟೆಕ್ಸಸ್ 7 ಅಂಕ ಹಿಂದಿತ್ತು, ನಾಲ್ಕನೇ ಡೌನ್, ಬೇಕಿದ್ದದ್ದು 13 ಯಾರ್ಡ್. ಕ್ವಿನ್ ಯುವರ್ಸ್ ಎಸೆದ 28 ಯಾರ್ಡ್ ಟಚ್‌ಡೌನ್ ಹಿಡಿದವರು ಗೋಲ್ಡನ್.