ರಾಜೀನಾಮೆ ಈಗಲೇ ಬೇಡ, ತಂಗಿ

ರಜೆಗೆ ವಿರಾಜಪೇಟೆಗೆ ಬಂದಿದ್ದೇನೆ, ನಿನ್ನ ಪ್ರಶ್ನೆ ಇಲ್ಲೇ ಓದಿದೆ. ನೀನು ಸೋಮವಾರಪೇಟೆಯಿಂದ ಮೆಲ್ಬರ್ನ್‌ಗೆ ನರ್ಸ್ ಆಗಿ ಹೋಗಿ ಇನ್ನೂ ವರ್ಷ ತುಂಬಿಲ್ಲ. ಇನ್‌ಚಾರ್ಜ್ ಎಲ್ಲರೆದುರು ನಿನ್ನ ಇಂಗ್ಲಿಷ್ ಅಣಕಿಸುತ್ತಾಳೆ, ರಾತ್ರಿ ನಿದ್ದೆ ಇಲ್ಲ. ‘ಇಲ್ಲಿ ಎಲ್ಲ ಕಡೆ ಹೀಗೇನಾ ಅಕ್ಕ? ಬಿಟ್ಟು ಊರಿಗೆ ಬಂದುಬಿಡಲಾ?’ ಅಂತ ಕೇಳಿದ್ದೀಯ.

ಎಲ್ಲ ಕಡೆ ಹೀಗಿಲ್ಲ. ಆದರೆ ಮೊದಲು ನಿದ್ದೆಯ ವಿಷಯ.

ನನ್ನ ಮೊದಲ ಆಸ್ಪತ್ರೆಯಲ್ಲೂ ಇದೇ ಕಥೆ. ಆರಂಭದಲ್ಲಿ ಡ್ಯೂಟಿಯ ಹಿಂದಿನ ರಾತ್ರಿ ಮಾತ್ರ ಎಚ್ಚರವಾಗುತ್ತಿತ್ತು. ಮೂರು ಗಂಟೆಗೆ ಎದ್ದು, ಫೋನ್‌ನಲ್ಲಿ ರೋಸ್ಟರ್ ತೆಗೆದು, ನಾಳೆ ನನ್ನ ಇನ್‌ಚಾರ್ಜ್ ಶಿಫ್ಟ್ ಇದೆಯಾ ಅಂತ ನೋಡುತ್ತಿದ್ದೆ. ಬರುಬರುತ್ತಾ ರಜೆ ದಿನವೂ ಅದೇ ಆಯಿತು. ಅವಳು ಎದುರಿಗಿಲ್ಲದಿದ್ದರೂ ದೇಹ ಏಟಿಗೆ ಸಜ್ಜಾಗೇ ಇರುತ್ತದೆ. ನಿದ್ದೆಗೆಟ್ಟಾಗ ಸಣ್ಣ ಮಾತೂ ಚುಚ್ಚುತ್ತದೆ, ಗಮನ ತಪ್ಪುತ್ತದೆ, ಔಷಧಿ ಚಾರ್ಟನ್ನು ಎರಡೆರಡು ಸಲ ಓದಬೇಕಾಗುತ್ತದೆ. ಒಂದು ತಪ್ಪಾದರೆ ಬೈಯಲು ಇನ್ನೊಂದು ನೆಪ. ವಾರಕ್ಕೆ 3 ರಾತ್ರಿಯಾದರೂ ಹೀಗಾಗಿ 3 ತಿಂಗಳು ದಾಟಿದರೆ ಡಾಕ್ಟರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಅಂಥವರಲ್ಲಿ ಖಿನ್ನತೆಯ ಅಪಾಯ ಜಾಸ್ತಿ. ಅಲ್ಲಿವರೆಗೆ ಕಾಯಬೇಡ, ಈ ವಾರವೇ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ್ ಹತ್ತಿರ ಹೋಗು. ಸುಮ್ನೆ ನಿದ್ದೆ ಇಲ್ಲ ಅನ್ನಬೇಡ, ವಾರ್ಡಿನಲ್ಲಿ ಏನಾಗುತ್ತಿದೆ ಅಂತಲೂ ಹೇಳು. ಮಾತ್ರೆಗಿಂತ ಮೊದಲು ಸಿಬಿಟಿ-ಐ ಬಗ್ಗೆ ಕೇಳು. ಮಲಗುವ ಅಭ್ಯಾಸ, ಆ ಹೊತ್ತಿನ ಯೋಚನೆ ಎರಡನ್ನೂ ತಿದ್ದುವ ಚಿಕಿತ್ಸೆ ಅದು.

ಇನ್ನು ರಾಜೀನಾಮೆ. ಕಾಫಿ ಕುಯ್ಲಿನ ಗಡಿಬಿಡಿಯಲ್ಲಿ ಮೇಸ್ತ್ರಿ ಒಮ್ಮೆ ಕೂಗಾಡುವುದು ಬೇರೆ. ಮತ್ತೆ ಮತ್ತೆ, ಕಾರಣವಿಲ್ಲದೆ, ಆರೋಗ್ಯ ಕೆಡುವಂತೆ ನಡೆದುಕೊಳ್ಳುವುದನ್ನು ಆಸ್ಟ್ರೇಲಿಯಾದ ಕಾನೂನು ಬುಲ್ಲಿಯಿಂಗ್ ಎನ್ನುತ್ತದೆ. ಅದನ್ನು ನಿಲ್ಲಿಸುವಂತೆ ಆದೇಶ ಕೊಡಲು, ಕೆಲಸದ ವಿವಾದ ನೋಡುವ ಅಲ್ಲಿನ ಫೇರ್ ವರ್ಕ್ ಕಮಿಷನ್‌ಗೆ 2014ರಿಂದ ಅಧಿಕಾರವಿದೆ. ನಿನ್ನದು ಖಾಸಗಿ ಕಂಪನಿಯ ಆಸ್ಪತ್ರೆಯಾದ್ದರಿಂದ ಅರ್ಜಿ ಹಾಕಬಹುದು. ಆದರೆ ಅದು ಪರಿಹಾರದ ಹಣ ಕೊಡಿಸುವುದಿಲ್ಲ, ಕೆಲಸ ಬಿಟ್ಟ ಮೇಲೆ ಈ ಆದೇಶವೂ ಸಿಗುವುದಿಲ್ಲ. ಅದಕ್ಕೇ ಬೇಡ ಅಂದೆ. ಏನಾಯಿತು, ಯಾವಾಗ, ಯಾರಿದ್ದರು ಅಂತ ಅಂದಂದೇ ಬರೆದಿಡು. ನರ್ಸುಗಳ ಯೂನಿಯನ್ ಸೇರು.

ವೀಸಾ ಭಯಕ್ಕೆ ನುಂಗಿಕೊಂಡಿದ್ದೀಯಾ? 482, ಅಂದರೆ ಕೆಲಸ ಕೊಡುವವರೇ ಪ್ರಾಯೋಜಿಸುವ ವೀಸಾದವರು ಕೆಲಸ ಬಿಟ್ಟರೆ 2024ರ ಜುಲೈನಿಂದ ಹೊಸ ಪ್ರಾಯೋಜಕರನ್ನು ಹುಡುಕಲು ಒಂದು ಸಲಕ್ಕೆ 180 ದಿನ, ಒಟ್ಟು 365 ದಿನದವರೆಗೆ ಸಮಯವಿದೆ. ಮೊದಲು ಬರೀ 60 ದಿನವಿತ್ತು.

ಮನೆಯವರು ‘ಹೊಂದಿಕೊಂಡು ಹೋಗು’ ಅಂತಾರೆ, ನನಗೂ ಅಂದಿದ್ದರು. ಪ್ರೀತಿಯಿಂದಲೇ ಅನ್ನುತ್ತಾರೆ, ಆದರೆ ಈ ವಿಷಯದಲ್ಲಿ ಆ ಮಾತು ಕೇಳಬೇಡ. ಬದುಕೇ ಬೇಡ ಅನಿಸಿದರೆ ತಕ್ಷಣ ಲೈಫ್‌ಲೈನ್ ಸಹಾಯವಾಣಿ 13 11 14ಕ್ಕೆ ಫೋನ್ ಮಾಡು, ಹಗಲು ರಾತ್ರಿ ಎತ್ತುತ್ತಾರೆ. ಮುಂದಿನ ತಿಂಗಳು ನಾನು ಮೆಲ್ಬರ್ನ್‌ಗೆ ವಾಪಸ್ ಬರುತ್ತೇನೆ. ಬರೆದಿಟ್ಟಿದ್ದನ್ನು ತಗೊಂಡು ಮನೆಗೆ ಬಾ, ಅರ್ಜಿ ಒಟ್ಟಿಗೆ ಕೂತು ತುಂಬೋಣ.