ಪ್ಯಾಟರ್ನ್ ಸರಿಯೇ ಎಂದು ಎಂಜಿನ್ನನ್ನೇ ಕೇಳಿ

ನಮಸ್ಕಾರ,

ರೆಗ್ಯುಲರ್ ಎಕ್ಸ್‌ಪ್ರೆಶನ್ ಪ್ಯಾಟರ್ನಿನ, ಅಂದರೆ ಪಠ್ಯದಲ್ಲಿ ಬೇಕಾದ್ದನ್ನು ಹುಡುಕಲು ಚಿಹ್ನೆಗಳಲ್ಲಿ ಬರೆಯುವ ಮಾದರಿಯ, ವ್ಯಾಕರಣ ಸರಿಯಿದೆಯೇ ಎಂದು ಕೋಡಿನಲ್ಲೇ ಪರೀಕ್ಷಿಸುವ ಬಗ್ಗೆ ನೀವು ಹಾಸನದಿಂದ ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಹಾಗಂತ ಕೈಬಿಡಬೇಡಿ. ಕನ್ನಡದಲ್ಲಿ ಇಂಥದ್ದನ್ನು ಬರೆಯುವವರು ಕಡಿಮೆ, ನನಗೆ ಈ ಲೇಖನ ಬೇಕು.

ಈ ಕಲ್ಪನೆ ಕೊಟ್ಟ ಗಣಿತಜ್ಞ ಸ್ಟೀಫನ್ ಕ್ಲೀನಿಯಿಂದ, ಅದನ್ನು ಕಂಪ್ಯೂಟರ್ ಹುಡುಕಾಟಕ್ಕೆ ಅಳವಡಿಸಿದ ಕೆನ್ ಥಾಮ್ಸನ್ ಅವರ 1968ರ ಲೇಖನದವರೆಗಿನ ಚರಿತ್ರೆಗೆ ಮೂರು ಪುಟ ಹೋಗಿದೆ. ತೆಗೆದುಬಿಡಿ. ನಿಜವಾದ ವಿಷಯ ನಾಲ್ಕನೇ ಪುಟದಲ್ಲಿದೆ: ಕಾಫಿ ಕ್ಯೂರಿಂಗ್ ವರ್ಕ್ಸಿನ ಗುಮಾಸ್ತರು ಲಾರಿ ನಂಬರ್ ಹುಡುಕಲು ತಾವೇ ಪ್ಯಾಟರ್ನ್ ಟೈಪ್ ಮಾಡುತ್ತಾರೆ, ಒಂದು ಬ್ರಾಕೆಟ್ ಮುಚ್ಚದೆ ಬಿಟ್ಟರೆ ಇಡೀ ಪ್ರೋಗ್ರಾಂ ನಿಂತುಹೋಗುತ್ತದೆ. ಅಲ್ಲಿಂದಲೇ ಶುರುಮಾಡಿ.

ನಂತರದ ಸಲಹೆ ಮಾತ್ರ ಪೂರ್ತಿ ತಪ್ಪು. ಪ್ಯಾಟರ್ನನ್ನು ಪರೀಕ್ಷಿಸಲು ಇನ್ನೊಂದು ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೆದಿದ್ದೀರಿ. ಬ್ರಾಕೆಟ್ಟಿನೊಳಗೆ ಬ್ರಾಕೆಟ್ ಎಷ್ಟು ಆಳಕ್ಕಾದರೂ ಹೋಗಬಹುದು. ಆ ಜೋಡಿಗಳ ಲೆಕ್ಕವಿಡುವ ಶಕ್ತಿ ಶುದ್ಧ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗೆ ಇಲ್ಲ. ಪ್ಯಾಟರ್ನನ್ನು ಓದಿ ಹುಡುಕುವ ಭಾಗವೇ ಎಂಜಿನ್. ಪ್ಯಾಟರ್ನನ್ನು ಅದಕ್ಕೇ ಕೊಟ್ಟು ಕಂಪೈಲ್ ಮಾಡಿಸಿ (ಅಂದರೆ ಹುಡುಕಾಟಕ್ಕೆ ಸಿದ್ಧಗೊಳಿಸಿ), ಎರರ್ ಬಂದರೆ ಹಿಡಿಯಿರಿ. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಎಕ್ಸೆಪ್ಶನ್ (ಹಿಡಿಯದಿದ್ದರೆ ಪ್ರೋಗ್ರಾಮನ್ನೇ ನಿಲ್ಲಿಸುವ ಎರರ್) ಎಸೆಯುತ್ತವೆ. ಗೋ ಭಾಷೆಯ ಕಂಪೈಲ್ ಫಂಕ್ಷನ್ ಎರರನ್ನು ಮೌಲ್ಯವಾಗಿಯೇ ಹಿಂತಿರುಗಿಸುತ್ತದೆ. ಹಿಡಿಯುವಾಗ ಪ್ಯಾಟರ್ನಿನ ಎರರನ್ನಷ್ಟೇ ಹಿಡಿಯಬೇಕು. ನಿಮ್ಮ ಕೋಡ್ ಸಿಕ್ಕಿದ್ದನ್ನೆಲ್ಲ ನುಂಗುತ್ತಿದೆ.

ಹೀಗೆ ಬಂದ ಎರರಿನೊಳಗೆ ಏನಿದೆ ಎಂದು ಓದುಗರಿಗೆ ತೋರಿಸಲೇ ಇಲ್ಲವಲ್ಲ! ([0-9]+ ಎಂಬುದನ್ನು ಕೊಟ್ಟು ನೋಡಿ. ಬ್ರಾಕೆಟ್ ಮುಚ್ಚಿಲ್ಲ ಎಂದು ಪೈಥಾನ್, ಜಾವಾ ಎರಡೂ ಹೇಳುತ್ತವೆ, ಆದರೆ (ಎಣಿಕೆ 0ಯಿಂದ ಶುರು) ಪೈಥಾನ್ ಬ್ರಾಕೆಟ್ ತೆರೆದ 0ನೇ ಸ್ಥಾನವನ್ನು ತೋರಿಸಿದರೆ ಜಾವಾ ಪ್ಯಾಟರ್ನ್ ಮುಗಿದ 7ನೇ ಸ್ಥಾನವನ್ನು ತೋರಿಸುತ್ತದೆ. ಗುಮಾಸ್ತರಿಗೆ ‘ಇಲ್ಲಿ ತಪ್ಪಿದೆ’ ಎಂದು ಗೆರೆ ಎಳೆದು ತೋರಿಸುವವರಿಗೆ ಇದು ಗೊತ್ತಿರಲೇಬೇಕು.

‘ಒಂದು ಭಾಷೆಯಲ್ಲಿ ಸರಿಯಾದದ್ದು ಎಲ್ಲದರಲ್ಲೂ ಸರಿ’ ಎಂಬ ಸಾಲನ್ನು ಹೊಡೆದುಹಾಕಿ. [0-9]++ (ಒಮ್ಮೆ ಹಿಡಿದ ಅಂಕಿಗಳನ್ನು ಮತ್ತೆ ಬಿಟ್ಟುಕೊಡದ ರೂಪ) ಜಾವಾದಲ್ಲಿ ನಡೆಯುತ್ತದೆ, ಪೈಥಾನಿನಲ್ಲಿ 3.11ರಿಂದ ಈಚೆಗೆ ಮಾತ್ರ, ಜಾವಾಸ್ಕ್ರಿಪ್ಟಿನಲ್ಲಿ ನಡೆಯುವುದೇ ಇಲ್ಲ. ಯಾವ ಎಂಜಿನ್ ಹುಡುಕುತ್ತದೋ ಅದರಲ್ಲೇ ಪರೀಕ್ಷಿಸಬೇಕು.

ಇನ್ನೊಂದು ಮಾತು. ಹಾಸನದ ಕೆಎ-13, ನಮ್ಮ ಚಿಕ್ಕಮಗಳೂರಿನ ಕೆಎ-18 ಎರಡೂ ಲಾರಿಗಳು ಸಿಗಲೆಂದು [13|18] ಎಂದು ಬರೆದಿದ್ದೀರಿ. ಇದಕ್ಕೆ ಸಾಮಾನ್ಯವಾಗಿ ಎಂಜಿನ್ ತಕರಾರು ತೆಗೆಯದು, ವ್ಯಾಕರಣ ಸರಿಯಿದೆ. ಆದರೆ ಅದು ಹೊಂದುವುದು 1, 3, 8 ಅಥವಾ ನಡುವಿನ | ಗೆರೆ, ಇವುಗಳಲ್ಲಿ ಒಂದೇ ಒಂದು ಅಕ್ಷರಕ್ಕೆ. ನಿಮಗೆ ಬೇಕಾದದ್ದು (13|18). ಈ ಉದಾಹರಣೆಯನ್ನು ತೆಗೆಯಬೇಡಿ. ತಿದ್ದುವ ಮೊದಲಿನದು, ತಿದ್ದಿದ ಮೇಲಿನದು ಎರಡನ್ನೂ ಅಕ್ಕಪಕ್ಕ ಇಡಿ.

ಪ್ರತಿ ಭಾಷೆಯ ಕೋಡನ್ನೂ ನೀವೇ ಓಡಿಸಿ, ಬಂದ ಎರರನ್ನು ಇದ್ದ ಹಾಗೇ ಹಾಕಿ, ಆವೃತ್ತಿ ಸಂಖ್ಯೆ ಬರೆದು ಮತ್ತೆ ಕಳಿಸಿ.

— ಸಂಪಾದಕ, ಚಿಕ್ಕಮಗಳೂರು